ಗಾಳಿ ಕಟ್ಟಿಕೊಂಡು ಹೊಳೆ ದಾಟುವುದು: ತುಂಗಭದ್ರೆ, ಕೃಷ್ಣೆಯ ದಂಡೆಯಲ್ಲಿ ಐದು ದಿನ

ಮೊದಲ ದಿನ: ಚೌಡದಾನಪುರ

ಸಂಕ್ರಾಂತಿ ಮುಗಿದ ವಾರ ತುಂಗಭದ್ರೆ ತಗ್ಗಿರುತ್ತದೆ. ನೀರು ತಿಳಿಯಾಗಿ ಬಂಡೆಗಳ ತಲೆ ಹೊರಗೆ ಬಂದಿರುತ್ತವೆ. ಎಲ್ಲಿ ಮಡು, ಎಲ್ಲಿ ಮೊಣಕಾಲ ನೀರು ಎಂಬುದು ದಂಡೆಯ ಮೇಲಿಂದಲೇ ಗೊತ್ತಾಗುತ್ತದೆ. ಹಿಂದಿನವರು ಹೊಳೆ ಹೇಗೆ ದಾಟುತ್ತಿದ್ದರು ಎಂದು ನೋಡಲು ಹೊರಡುವವರಿಗೆ ಇದೇ ಹಂಗಾಮು. ಬಳ್ಳಿಯಲ್ಲೇ ಒಣಗಿದ ಸೋರೆಬುರುಡೆ ಸಿಗುವುದೂ, ಬಿದಿರು ಕಡಿದು ಸೀಳುವುದೂ ಈ ದಿನಗಳಲ್ಲೇ.

ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದಿಂದ ಹೊರಡುವುದು ನ್ಯಾಯ. 12ನೇ ಶತಮಾನದ ಅಂಬಿಗರ ಚೌಡಯ್ಯ ಹುಟ್ಟು ಹಾಕಿದ್ದು ಈ ಹೊಳೆಯಲ್ಲಿ. ಬೇರೆ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ, ಈತ ತನ್ನ ಕಸುಬು ಸೇರಿದ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಮುಕ್ತೇಶ್ವರ ಗುಡಿಯ ಕೆತ್ತನೆ ನೋಡಲು ಅರ್ಧ ದಿನ ಬೇಕು. ನಮ್ಮ ಕೆಲಸ ಮಾತ್ರ ಗುಡಿಯ ಆಚೆ, ನೀರಿನ ಅಂಚಿನಲ್ಲಿತ್ತು.

ಐದೂ ದಿನ ಕೈಯಲ್ಲಿದ್ದದ್ದು ಒಂದೇ ಒಂದು ಪಟ್ಟಿ, ಕೌಟಿಲ್ಯನ ಅರ್ಥಶಾಸ್ತ್ರದ 10ನೇ ಅಧಿಕರಣದ್ದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಗ್ರಂಥ ಅದು. ದಂಡು ನೀರು ದಾಟಬೇಕಾದಾಗ ಏನೇನು ಬಳಸಬೇಕು ಎಂದು ಅಲ್ಲಿ ಒಂದೇ ಉಸಿರಿಗೆ ಹೇಳಿದೆ: ಆನೆ, ಕಂಬದ ಸಂಕ, ಕಟ್ಟೆ, ದೋಣಿ, ಮರ ಮತ್ತು ಬಿದಿರಿನ ಕಟ್ಟು, ಆಮೇಲೆ ಅಲಾಬು, ಚರ್ಮಕರಂಡ, ದೃತಿ, ಪ್ಲವ. ಅಲಾಬು ಎಂದರೆ ಸೋರೆ. ಚರ್ಮಕರಂಡ ಎಂದರೆ ತೊಗಲು ಹೊದಿಸಿದ ಬುಟ್ಟಿ, ನಮ್ಮ ಹರಿಗೋಲು. ದೃತಿ ಎಂದರೆ ತೊಗಲಿನ ಚೀಲ, ಪ್ಲವ ಎಂದರೆ ತೆಪ್ಪ. ಈ ನಾಲ್ಕನ್ನೂ ಈ ಎರಡು ಹೊಳೆಗಳ ಸೀಮೆಯಲ್ಲಿ ಹುಡುಕಬಹುದು. ಎಲ್ಲದರ ಒಳಗುಟ್ಟೂ ಒಂದೇ, ಗಾಳಿಯನ್ನು ಹಿಡಿದಿಡುವುದು. ಅದನ್ನು ಯಾವುದರಲ್ಲಿ ಹಿಡಿದರು, ಅದು ಎಲ್ಲಿ ಸೋರಿತು ಎನ್ನುವುದರಲ್ಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ.

ಇವುಗಳಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಸೋರೆ. ಸಾರಿಗೆ ಬಳಸುವ ಎಳೆಕಾಯಿ ಇದಕ್ಕೆ ಬಾರದು. ಹೊಟ್ಟೆ ದುಂಡಗೆ, ನಡು ಸಣ್ಣಗೆ ಇರುವ, ದಪ್ಪ ಸಿಪ್ಪೆಯ ಕಹಿ ಸೋರೆ ಬೇಕು. ತೊಟ್ಟು ಪೂರ್ತಿ ಒಣಗುವ ತನಕ ಅದನ್ನು ಬಳ್ಳಿಯಲ್ಲೇ ಬಿಡುತ್ತಾರೆ. ಕಿತ್ತ ಮೇಲೆ ನೆರಳಿನಲ್ಲೋ ಒಲೆಯ ಹೊಗೆ ತಾಗುವ ಅಟ್ಟದಲ್ಲೋ ಒಂದೆರಡು ತಿಂಗಳು ತೂಗುಹಾಕುತ್ತಾರೆ. ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು, ಗೆಣ್ಣಿನಿಂದ ತಟ್ಟಿದರೆ ಮರದ ಸದ್ದು ಬರಬೇಕು. ತಂಬೂರಿಗೆ ಬುರುಡೆ ಆರಿಸುವವರೂ ಹೀಗೇ ತಟ್ಟಿ ನೋಡುತ್ತಾರೆ. ಆದರೆ ವಾದ್ಯಕ್ಕೆ ಬುರುಡೆಯನ್ನು ಕೊಯ್ಯಲೇಬೇಕು, ಈಜಿಗೆ ಎಲ್ಲಿಯೂ ಕೊಯ್ಯಬಾರದು. ಬೀಜ ಒಳಗಿದ್ದರೆ ಏನೂ ಅಡ್ಡಿಯಿಲ್ಲ, ಅದರ ತೂಕ ಲೆಕ್ಕಕ್ಕಿಲ್ಲ. ತೂತಾದ ಬುರುಡೆಗೆ ಮಾತ್ರ ನಂಬಿಕೆಯಿಲ್ಲ.

ಪರೀಕ್ಷೆ ಸುಲಭ. ಬುರುಡೆಯನ್ನು ನೀರಿನಡಿ ಒತ್ತಿಹಿಡಿದು ನೂರು ಎಣಿಸಬೇಕು. ಗುಳ್ಳೆ ಎದ್ದ ಜಾಗಕ್ಕೆ ಇದ್ದಿಲಿನಿಂದ ಗುರುತು ಹಾಕಿ, ಒಣಗಿಸಿ, ಜೇನುಮೇಣ ಕರಗಿಸಿ ತುಂಬಬೇಕು. ಹೆಚ್ಚಾಗಿ ಗುಳ್ಳೆ ಏಳುವುದು ತೊಟ್ಟಿನ ಬುಡದಲ್ಲಿ. ಅಲ್ಲಿ ನಾರು ಒಣಗಿ ಕುಗ್ಗಿರುತ್ತದೆ.

ಇನ್ನು ಲೆಕ್ಕ. ಐದು ಲೀಟರ್ ಹಿಡಿಸುವಷ್ಟು ಗಾತ್ರದ ಒಣಬುರುಡೆ ಅರ್ಧ ಕಿಲೋ ಕೂಡ ತೂಗುವುದಿಲ್ಲ. ಅದನ್ನು ಪೂರ್ತಿ ಮುಳುಗಿಸಿದರೆ ನಾಲ್ಕೂವರೆ ಕಿಲೋದಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೆ. ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಷ್ಟೇ ತೂಕದ್ದು. ಉಸಿರು ತುಂಬಿದ್ದರೆ ತೇಲುತ್ತಾನೆ, ಬಿಟ್ಟರೆ ಇಳಿಯುತ್ತಾನೆ. ತೂಕ ಅನ್ನಿಸುವುದು ನೀರಿನಿಂದ ಹೊರಗೆ ಇಡಬೇಕಾದ ತಲೆ ಒಂದೇ, ಅದು ಐದು ಕಿಲೋ ಆಸುಪಾಸು. ಹಾಗಾಗಿ ಅಂಥ ಎರಡು ಬುರುಡೆ ಇದ್ದರೆ ಒಬ್ಬ ಮನುಷ್ಯ ಕೈಕಾಲು ಆಡಿಸದೆಯೂ ಉಸಿರಾಡಿಕೊಂಡಿರಬಹುದು. ಇಂದಿನ ಲೈಫ್ ಜಾಕೆಟ್ ಕೊಡುವ ಎತ್ತುವ ಬಲವೂ ಹೆಚ್ಚುಕಡಿಮೆ ಇಷ್ಟೇ, ಏಳರಿಂದ ಹತ್ತು ಕಿಲೋ.

ಕಟ್ಟುವ ಜಾಗದಲ್ಲಿ ತಪ್ಪಿದರೆ ಬುರುಡೆಯೇ ಮುಳುಗಿಸುತ್ತದೆ. ಎರಡು ಬುರುಡೆಗಳ ನಡುವನ್ನು ಮೊಳದುದ್ದದ ಹಗ್ಗದಿಂದ ಬಿಗಿದು ಜೋಡಿ ಮಾಡಿ, ಹಗ್ಗ ಎದೆಯ ಕೆಳಗೆ, ಬುರುಡೆಗಳು ಎರಡೂ ಕಂಕುಳಲ್ಲಿ ಬರುವಂತೆ ಇರಬೇಕು. ಸೊಂಟಕ್ಕೆ ಕಟ್ಟಿದರೆ ಸೊಂಟ ಮೇಲೆದ್ದು ಮುಖ ನೀರಿಗೆ ಬೀಳುತ್ತದೆ. ಈಜು ಬಾರದವನಿಗೆ ಅದನ್ನು ತಿರುಗಿಸಿಕೊಳ್ಳಲು ಆಗುವುದಿಲ್ಲ. ಬುರುಡೆ ನುಣುಪು, ನೆನೆದರೆ ಇನ್ನೂ ನುಣುಪು. ಆದ್ದರಿಂದ ಹೊಟ್ಟೆಯ ಮೇಲೆ ಬರಿ ಹಗ್ಗ ನಿಲ್ಲದು, ಬಲೆಯಂತೆ ಹೆಣೆದ ಚೀಲ ಬೇಕು. ಬಂಡೆಗೆ ಬಡಿದರೆ ಬುರುಡೆ ಒಡೆಯುತ್ತದೆ. ಅದಕ್ಕೇ ಹೊಳೆಯ ಸೀಮೆಯಲ್ಲಿ ಎರಡು ಸಾಲುವ ಕಡೆ ಮೂರು, ನಾಲ್ಕು ಕಟ್ಟಿಕೊಳ್ಳುವುದು. ಕೃಷ್ಣೆಯ ನಡುಗಡ್ಡೆಗಳಲ್ಲಿ ಮಕ್ಕಳಿಗೆ ಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು.

ಬುರುಡೆಯ ಒಡಹುಟ್ಟು ಮಣ್ಣಿನ ಗಡಿಗೆ. ಸಿಂಧೂ ನದಿಯ ಮೀನುಗಾರರು ಅಗಲ ಹೊಟ್ಟೆಯ ಗಡಿಗೆಯ ಬಾಯಿಯನ್ನು ತಮ್ಮ ಹೊಟ್ಟೆಯಿಂದಲೇ ಮುಚ್ಚಿ, ಅದರ ಮೇಲೆ ಬೋರಲು ಮಲಗಿ, ಹಿಡಿದ ಮೀನನ್ನು ಅದರೊಳಕ್ಕೇ ಹಾಕಿಕೊಳ್ಳುತ್ತಿದ್ದರು. ಪಂಜಾಬಿನ ಸೋಹ್ನಿಯ ಕಥೆಯಲ್ಲಿ ಅವಳು ಚಿನಾಬ್ ನದಿಯಲ್ಲಿ ಮುಳುಗುವುದು ಸುಡದ ಹಸಿ ಗಡಿಗೆಯನ್ನು ನಂಬಿ. ಕಥೆಯಾದರೂ ಕುಂಬಾರಿಕೆಯ ಮಾತು ನಿಜ. ಆವಿಗೆಯಲ್ಲಿ ಬೇಯದ ಮಣ್ಣು ನೀರಿನಲ್ಲಿ ಮತ್ತೆ ಕೆಸರಾಗುತ್ತದೆ.

ಎರಡನೆಯ ದಿನ: ಗಳಗನಾಥ

ವರದಾ ಬಂದು ತುಂಗಭದ್ರೆಗೆ ಕೂಡುವ ಜಾಗ. ಕೂಡಲಿನಲ್ಲಿ ದಾಟುವುದು ಯಾವ ಕಾಲಕ್ಕೂ ಜಾಣತನವಲ್ಲ. ಎರಡು ಹರಿವು ಸೇರುವ ಗೆರೆಯಲ್ಲಿ ಸುಳಿ ಏಳುತ್ತದೆ, ಕೆಳಗೆ ಹೂಳು ಜಾಗ ಬದಲಿಸುತ್ತಲೇ ಇರುತ್ತದೆ. ಹಳೆಯ ಕಡವುಗಳು, ಅಂದರೆ ಹೊಳೆ ದಾಟುವ ಜಾಗಗಳು, ಕೂಡಲಿನಿಂದ ಒಂದಿಷ್ಟು ಮೇಲೋ ಕೆಳಗೋ ಇರುವುದು ಅದಕ್ಕೇ.

ಇಲ್ಲಿ ನೋಡಬೇಕಾದದ್ದು ಪ್ಲವ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಯಮುನೆ ದಾಟಲು ಅಣ್ಣತಮ್ಮಂದಿರು ತೆಪ್ಪ ಕಟ್ಟುತ್ತಾರೆ. ಮರ ಜೋಡಿಸಿ, ಒಣಬಿದಿರು ಹಾಸಿ, ಮೇಲೆ ಲಾವಂಚ ಹೊದಿಸಿ, ನೇರಳೆ ಮತ್ತು ಬೆತ್ತದ ರೆಂಬೆ ಕಡಿದು ಸೀತೆಗೆ ಕೂರಲು ಮಣೆ ಮಾಡುತ್ತಾರೆ. ಕವಿ ಬಿದಿರಿಗೆ 'ಒಣ' ಎಂಬ ಮಾತನ್ನು ಸುಮ್ಮನೆ ಸೇರಿಸಿಲ್ಲ. ಹಸಿಮರದ ಕಣಗಳಲ್ಲಿ ಗಾಳಿಯ ಬದಲು ನೀರು ಇರುತ್ತದೆ. ಒಣಗಿದ ಬೂರುಗ ಬೆಂಡಿನಂತೆ ತೇಲಿದರೆ, ಆಗ ತಾನೇ ಕಡಿದ ಗಟ್ಟಿಮರ ಕಲ್ಲಿನಂತೆ ಇಳಿಯುತ್ತದೆ.

ಬಿದಿರಿನ ಗಳಕ್ಕೆ ಇರುವ ಅನುಕೂಲ ಬೇರೆ ಯಾವ ಮರಕ್ಕೂ ಇಲ್ಲ. ಗೆಣ್ಣಿನಿಂದ ಗೆಣ್ಣಿಗೆ ಗೋಡೆ ಇರುವುದರಿಂದ ಪ್ರತಿ ಅಂತರವೂ ಮುಚ್ಚಿದ ಕೋಣೆ. ಒಂದು ಸೀಳಿದರೂ ಉಳಿದವು ತೇಲುತ್ತವೆ. ನಾಲ್ಕು ಇಂಚು ದಪ್ಪ, ಹದಿಮೂರು ಅಡಿ ಉದ್ದದ ಒಣ ಗಳ ಸುಮಾರು 30 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅದರ ತೂಕ ಕಳೆದರೆ ಇಪ್ಪತ್ತು ಕಿಲೋ ಹೊರುವ ಬಲ ಉಳಿಯುತ್ತದೆ. ಮೂರು ಗಳ ಒಬ್ಬನನ್ನು ಹೊರುತ್ತವೆ ಎಂದು ಲೆಕ್ಕ ಹೇಳಿದರೂ ಆಗ ತೆಪ್ಪ ಪೂರ್ತಿ ನೀರಿನ ಮಟ್ಟಕ್ಕೆ ಇಳಿದಿರುತ್ತದೆ. ಐದಾರು ಇದ್ದರೆ ಕೂರುವವನ ಬಟ್ಟೆ ಒಣಗಿರುತ್ತದೆ. ಮೊಳೆ ಹೊಡೆಯಬಾರದು, ತೂತು ಕೊರೆಯಬಾರದು. ಪ್ರತಿ ತೂತೂ ಒಂದು ಕೋಣೆಯನ್ನು ಕಳೆಯುತ್ತದೆ. ನಾರಿನ ಹಗ್ಗದಿಂದ ಎರಡೂ ತುದಿಗೆ, ನಡುವಿಗೆ ಅಡ್ಡ ಗಳ ಇಟ್ಟು ಬಿಗಿಯಬೇಕು.

ಸಂಜೆಯೊಳಗೆ ಹೊಸಪೇಟೆ.

ಮೂರನೆಯ ದಿನ: ಆನೆಗೊಂದಿ, ಹರಿಗೋಲು ಹೆಣೆಯುವ ಅಂಗಳ

ಇಡೀ ದಿನವನ್ನು ಒಂದೇ ವಸ್ತುವಿಗೆ ಕೊಟ್ಟರೂ ಸಾಲದು. ಹರಿಗೋಲನ್ನು ಈ ಕಡೆ ತೆಪ್ಪ ಎಂದೂ, ರಾಯಚೂರಿನ ಕಡೆ ಪುಟ್ಟಿ ಎಂದೂ ಕರೆಯುತ್ತಾರೆ. ಮೀನಿಗೆ ಹೋಗುವವರದು ಆರು ಅಡಿ ಅಗಲದ್ದು, ಒಬ್ಬ ಮನುಷ್ಯ ತಲೆಯ ಮೇಲೆ ಬೋರಲು ಹೊತ್ತು ನಡೆಯುತ್ತಾನೆ. ದೂರದಿಂದ ಆಮೆ ನಡೆದಂತೆ ಕಾಣುತ್ತದೆ. ಜನ ದಾಟಿಸುವುದು ಹತ್ತು ಅಡಿ ಮತ್ತು ಅದಕ್ಕೂ ಮೇಲಿನದು.

ಕೆಲಸ ಶುರುವಾಗುವುದು ಬಿದಿರಿನ ಆಯ್ಕೆಯಿಂದ. ಮೂರು ವರ್ಷ ದಾಟಿದ ಬಿದಿರೇ ಆಗಬೇಕು. ಎಳೆಯದು ಒಣಗಿದಾಗ ಮುದುಡುತ್ತದೆ. ಮಳೆಗಾಲದ ಬಿದಿರಿನಲ್ಲಿ ಗಂಜಿ ಹೆಚ್ಚು, ಗಂಜಿ ಇದ್ದಲ್ಲಿ ಹುಳು ಬಂದು ಒಳಗನ್ನೆಲ್ಲ ಹಿಟ್ಟು ಮಾಡುತ್ತದೆ. ಆದ್ದರಿಂದ ಕಡಿಯುವುದು ಚಳಿಗಾಲದಲ್ಲಿ. ಕಡಿದದ್ದನ್ನು ಕೆಲವು ದಿನ ನೀರಿನಲ್ಲಿ ಮುಳುಗಿಸಿಟ್ಟರೆ ಉಳಿದ ಗಂಜಿಯೂ ತೊಳೆದುಹೋಗುತ್ತದೆ, ಸೀಳುವುದೂ ಹಗುರಾಗುತ್ತದೆ.

ಸೀಳಿದ ದಬ್ಬೆ ಎರಡು ಬೆರಳು ಅಗಲ. ಹತ್ತು ಅಡಿಯ ಹರಿಗೋಲಿಗೆ ದಬ್ಬೆಯ ಉದ್ದ ಎಷ್ಟು ಬೇಕು? ತಳಕ್ಕೆ ಹತ್ತು, ಎರಡೂ ಕಡೆ ಗೋಡೆಗೆ ಎರಡೆರಡು, ಅಂಚಿನಲ್ಲಿ ಮಡಿಚಿ ಸಿಕ್ಕಿಸಲು ಒಂದಿಷ್ಟು. ಹದಿನೈದು ಅಡಿಗೆ ಕಡಿಮೆ ಇದ್ದರೆ ನಡುವೆ ಜೋಡಣೆ ಬರುತ್ತದೆ. ಜೋಡಣೆ ಬಂದ ಕಡೆ ತಳ ಮೊದಲು ಮುರಿಯುತ್ತದೆ.

ಹೆಣಿಗೆ ಗೊಬ್ಬರದ ಬುಟ್ಟಿಯಂತೆ ಅಡ್ಡ ಉದ್ದದ್ದಲ್ಲ. ದಬ್ಬೆಗಳು ಮೂರು ದಿಕ್ಕಿನಲ್ಲಿ ಹಾಯುತ್ತವೆ, ನಡುವೆ ಆರು ಮೂಲೆಯ ಕಣ್ಣುಗಳು ಬೀಳುತ್ತವೆ. ಅಡ್ಡ ಉದ್ದದ ಹೆಣಿಗೆಯನ್ನು ಮೂಲೆ ಹಿಡಿದು ಎಳೆದರೆ ವಾರೆಯಾಗುತ್ತದೆ. ಮೂರು ದಿಕ್ಕಿನದು ಯಾವ ಕಡೆ ಎಳೆದರೂ ತನ್ನ ಆಕಾರ ಬಿಡುವುದಿಲ್ಲ. ಬಂಡೆಯ ಹೊಳೆಯಲ್ಲಿ ತಳಕ್ಕೆ ಎಲ್ಲಿಂದ ಪೆಟ್ಟು ಬೀಳುತ್ತದೆ ಎಂದು ಮೊದಲೇ ಹೇಳಲಾಗದು. ಅದಕ್ಕೆ ತಕ್ಕ ಹೆಣಿಗೆ ಇದು. ಈ ಸಣ್ಣ ಸಂಗತಿಯನ್ನು ಕಂಡುಕೊಂಡವರು ಯಾರೋ, ಅವರ ಬುದ್ಧಿಗೆ ಕೈ ಮುಗಿಯಬೇಕು.

ತಳ ಬೇಕಾದಷ್ಟು ಅಗಲವಾದ ಮೇಲೆ ಅದರ ಮೇಲೆ ಕಲ್ಲು ಹೇರುತ್ತಾರೆ. ತೂಕ ಇಲ್ಲದಿದ್ದರೆ ದಬ್ಬೆ ಮೇಲೆತ್ತಿ ಬಗ್ಗಿಸುವಾಗ ತಳವೂ ಜೊತೆಗೆ ಏಳುತ್ತದೆ, ಹರಿಗೋಲು ಬಾಣಲೆಯಾಗುತ್ತದೆ. ಬಾಣಲೆಯ ತಳ ನೀರಿನಲ್ಲಿ ಓಲಾಡುತ್ತದೆ, ಚಪ್ಪಟೆ ತಳ ಕೂತಲ್ಲಿ ಕೂರುತ್ತದೆ. ದಬ್ಬೆಗಳನ್ನು ನೀರು ಚಿಮುಕಿಸುತ್ತ ನಿಧಾನ ಬಗ್ಗಿಸಿ ಎರಡು ಅಡಿ ಗೋಡೆ ಏಳಿಸಿ, ಬಾಯಿಯ ಸುತ್ತ ದಬ್ಬೆಯ ಕಟ್ಟುಗಳನ್ನು ಒಳಗೊಂದು ಹೊರಗೊಂದು ಇಟ್ಟು ಬಿಗಿಯುತ್ತಾರೆ. ಈ ಬಾಯಿಕಟ್ಟೇ ಹರಿಗೋಲಿನ ಬೆನ್ನುಮೂಳೆ. ಅದು ಸಡಿಲಾದರೆ ಸುತ್ತಲ ಗೋಡೆ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಒಳತಳದಲ್ಲಿ ದಪ್ಪ ದಬ್ಬೆಗಳನ್ನು ಜೋಡಿಜೋಡಿಯಾಗಿ ಅಡ್ಡಹಾಯಿಸುತ್ತಾರೆ. ಕೂತವರ ಭಾರ ಒಂದೇ ಕಣ್ಣಿನ ಮೇಲೆ ಬೀಳದೆ ಹರಡಿಕೊಳ್ಳುತ್ತದೆ.

ಇಷ್ಟಾದರೂ ಅದು ಬರಿ ಬುಟ್ಟಿ. ನೀರು ತಡೆಯುವುದು ಹೊದಿಕೆ. ಹಿಂದೆ ಎತ್ತು ಎಮ್ಮೆಗಳ ತೊಗಲನ್ನು ತೊಗಲಿನ ಬಾರಿನಿಂದಲೇ ಹೊಲಿದು, ಹೊಲಿಗೆಗೆ ಕೊಬ್ಬು ತಿಕ್ಕಿ, ಹಸಿಯಿರುವಾಗಲೇ ಬುಟ್ಟಿಗೆ ಎಳೆದು ಕಟ್ಟುತ್ತಿದ್ದರು. ಒಣಗುತ್ತ ತೊಗಲು ಕುಗ್ಗಿ ಬಿದಿರಿಗೆ ಮೈಯಂತೆ ಅಂಟುತ್ತದೆ. ಅದರ ಕೆಡುಕೂ ಅಲ್ಲೇ ಇದೆ. ದಿನಗಟ್ಟಲೆ ನೀರಿನಲ್ಲಿದ್ದರೆ ತೊಗಲು ಮೆತ್ತಗಾಗಿ, ಹೊಲಿಗೆಯ ತೂತು ಹಿಗ್ಗಿ, ಕೊನೆಗೆ ಕೊಳೆಯುತ್ತದೆ. ಆದ್ದರಿಂದ ಕೆಲಸ ಮುಗಿದ ಕೂಡಲೇ ದಂಡೆಗೆ ಎಳೆದು ಬೋರಲು ಹಾಕಿ ಒಣಗಿಸಬೇಕು. ಈಗ ತೊಗಲಿನ ಜಾಗಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂದಿದೆ. ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು, ಬುಟ್ಟಿಗೆ ಹೊದಿಸಿ, ಮೇಲೆ ಕಾಯಿಸಿದ ಡಾಂಬರು ಬಳಿಯುತ್ತಾರೆ. ಡಾಂಬರು ತೀರ ಕಾದಿದ್ದರೆ ಚೀಲ ಕರಗುತ್ತದೆ, ಆರಿದ್ದರೆ ಹೊಲಿಗೆಯ ಸಂದಿಗೆ ಇಳಿಯುವುದಿಲ್ಲ.

"ಡಾಂಬರ ಹದ ನೋಡೂದು ಅಂದ್ರ ಬೆಲ್ಲದ ಪಾಕ ನೋಡಿದಂಗ್ರೀ. ಕಡ್ಡಿ ಎತ್ತಿದ್ರ ಎಳಿ ಬರಬೇಕು, ಎಳಿ ಕಡೀಬಾರ್ದು," ಎಂದರು ಅಂಗಳದ ಹಿರಿಯರು.

ಬೇಸಿಗೆಯ ಬಿಸಿಲಿಗೆ ಡಾಂಬರು ಇಳಿದು ತೆಳುವಾಗುತ್ತದೆ, ಚಳಿಗೆ ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆಯಾದರೂ ಮತ್ತೆ ಬಳಿಯಲೇಬೇಕು. ತೊಗಲೋ ಡಾಂಬರೋ, ಹರಿಗೋಲು ಬಾಳುವುದು ದಂಡೆಯ ಮೇಲೆ ಅದನ್ನು ಹೇಗೆ ನೋಡಿಕೊಂಡರು ಎನ್ನುವುದರ ಮೇಲೆ.

ಆನೆಗೊಂದಿಯ ಸುತ್ತ ಬಾಳೆ ತೋಟ ಬೇಕಾದಷ್ಟಿದೆ. ಗೊನೆ ಕಡಿದ ಬಾಳೆದಿಂಡು ನಾಲ್ಕೈದನ್ನು ಸಾಲಾಗಿಟ್ಟು ಎರಡು ಬಿದಿರುಗೂಟ ಅಡ್ಡ ತೂರಿಸಿದರೆ ತೆಪ್ಪ ಸಿದ್ಧ. ದಿಂಡಿನ ಪದರಗಳಲ್ಲಿ ಸಣ್ಣ ಸಣ್ಣ ಗಾಳಿಗೂಡು ಸಾವಿರಾರು ಇರುವುದರಿಂದ ಗೂಟ ತೂರಿಸಿದರೂ ಗಾಳಿ ಹೋಗುವುದಿಲ್ಲ. ಬಿದಿರಿಗೆ ಮೊಳೆ ಬೇಡ, ದಿಂಡಿಗೆ ಗೂಟ ಸರಿ ಎಂಬ ವ್ಯತ್ಯಾಸ ಇಲ್ಲಿಂದ ಬಂದದ್ದು. ಕೆಲವು ದಿನಕ್ಕೆ ದಿಂಡು ಕೊಳೆತು ನೀರು ಕುಡಿಯುತ್ತದೆ, ಹೊಸದು ಕಡಿಯಬೇಕು.

ನಾಲ್ಕನೆಯ ದಿನ: ತಳವಾರಘಟ್ಟ

ವಿಜಯನಗರದ ಹಳೆಯ ಪಟ್ಟಣದಿಂದ ಆನೆಗೊಂದಿಗೆ ಹೋಗುವ ಕಡವು ಇದು. ವಿಠ್ಠಲ ಗುಡಿಯ ಬಳಿ ಹೊಳೆಯಲ್ಲಿ ಕಲ್ಲಿನ ಕಂಬಗಳ ಸಾಲು ಇನ್ನೂ ನಿಂತಿದೆ, ಕೌಟಿಲ್ಯನ ಪಟ್ಟಿಯ ಕಂಬದ ಸಂಕವನ್ನು ನೆನಪಿಗೆ ತರುವಂತೆ. ಆದರೆ ದಿನನಿತ್ಯದ ಜನಕ್ಕೆ ಹರಿಗೋಲೇ ಗತಿಯಾಗಿತ್ತು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು ಬಂದಿದ್ದ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು, ಆದರೆ ಅವು ಹೆಚ್ಚಾಗಿ ಈಜಿಯೇ ದಾಟುತ್ತವೆ. ದೋಣಿ ನೆಟ್ಟಗೆ ಹೋಗದೆ ಸದಾ ತಿರುಗುತ್ತಿರುತ್ತದೆ.

ಪಾಯೆಸ್ ಹೇಳಿದ ಹದಿನೈದು ಇಪ್ಪತ್ತು ಜನ ಉತ್ಪ್ರೇಕ್ಷೆಯಲ್ಲ. ಹತ್ತು ಅಡಿ ಅಗಲದ ಚಪ್ಪಟೆ ತಳ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 70 ಲೀಟರ್ ನೀರು ಸರಿಯುತ್ತದೆ. ಅಂದರೆ ಒಬ್ಬ ಹತ್ತಿದರೆ ಹರಿಗೋಲು ಇಳಿಯುವುದು ಒಂದು ಸೆಂಟಿಮೀಟರ್‌ಗಿಂತ ಕಡಿಮೆ. ಹನ್ನೆರಡು ಜನ, ಜೊತೆಗೆ ಹರಿಗೋಲಿನ ತೂಕ 100 ಕಿಲೋ ಎಂದರೂ ಹನ್ನೆರಡು ಸೆಂಟಿಮೀಟರ್ ದಾಟುವುದಿಲ್ಲ. ಎರಡು ಅಡಿ ಗೋಡೆಯಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆಯೇ ಇರುತ್ತದೆ. ಆರು ಅಡಿಯದಾದರೆ ಸೆಂಟಿಮೀಟರಿಗೆ 26 ಕಿಲೋ. ಅಗಲ ಇಮ್ಮಡಿಯಾದರೆ ಹೊರುವ ಶಕ್ತಿ ನಾಲ್ಕು ಪಟ್ಟು.

ಇಷ್ಟು ಹೊರುವ ಹರಿಗೋಲು ಮಗುಚುವುದು ಏಕೆ? ಭಾರದಿಂದ ಅಲ್ಲ. ಹನ್ನೆರಡು ಜನರಲ್ಲಿ ಹತ್ತು ಜನ ಏನೋ ನೋಡಲು ಒಂದೇ ಕಡೆ ಸರಿದರೆ ಆ ಅಂಚು ಒಂದು ಗೇಣು ಕೆಳಗಿಳಿಯುತ್ತದೆ, ನೀರಿಗೂ ಅಂಚಿಗೂ ಇನ್ನೊಂದು ಗೇಣು ಉಳಿಯುತ್ತದೆ. ಅದೇ ಹೊತ್ತಿಗೆ ಅಲೆ ಬಡಿದರೆ ನೀರು ಒಳಕ್ಕೆ. ಒಳಗೆ ನಾಲ್ಕು ಬೆರಳು ನೀರು ನಿಂತರೆ 500 ಕಿಲೋ, ಎಂಟು ಜನರ ತೂಕ. ಜನ ಗದರಿದರೆ ಕೂತಲ್ಲೇ ಇರುತ್ತಾರೆ. ನೀರು ತಗ್ಗಿದ ಕಡೆಗೇ ಓಡಿ ತಗ್ಗನ್ನು ಇನ್ನೂ ತಗ್ಗಿಸುತ್ತದೆ. ಹಾಗಾಗಿ ಹುಟ್ಟಿಗಿಂತ ಮೊದಲು ನೀರು ಮೊಗೆಯುವ ಪಾತ್ರೆ ಇದೆಯೇ ಎಂದು ನೋಡಬೇಕು.

"ಅಂಚಿಗುಂಟ ಸುತ್ತಲೂ ಕುಂದರ್ರಿ, ಕಾಲು ನಡುವಕ ಚಾಚ್ರಿ. ಯಾರೂ ಎದ್ದು ನಿಂದ್ರಬ್ಯಾಡ್ರೀ ಅಣ್ಣಾರ," ಎಂಬ ಅಂಬಿಗನ ಮಾತಿನಲ್ಲಿ ಈ ಲೆಕ್ಕವೆಲ್ಲ ಇದೆ. ಮೂಟೆ ನಡುವೆ, ಜನ ಸುತ್ತ, ಎಲ್ಲರೂ ತಳಕ್ಕೆ ಅಂಟಿ.

ಹುಟ್ಟು ಹಾಕುವ ರೀತಿ ಉದ್ದ ದೋಣಿಯದಲ್ಲ. ಪಕ್ಕದಲ್ಲಿ ಹಾಕಿದರೆ ಹರಿಗೋಲು ಗಿರಗಿರ ತಿರುಗುತ್ತದೆಯೇ ಹೊರತು ಮುಂದೆ ಹೋಗದು, ಅದಕ್ಕೆ ಮೂಗೂ ಇಲ್ಲ ಬಾಲವೂ ಇಲ್ಲ. ಅಂಬಿಗ ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕೂತು, ಹುಟ್ಟನ್ನು ತನ್ನ ಮುಂದೆ ಚಾಚಿ ನೀರಿನಲ್ಲಿಳಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಒಮ್ಮೆ ಎಡಕ್ಕೆ ಬಾಗಿಸಿ, ಒಮ್ಮೆ ಬಲಕ್ಕೆ ಬಾಗಿಸಿ ಎಳೆದರೆ ತಿರುಗುವುದು ಒಂದನ್ನೊಂದು ಕಳೆಯುತ್ತದೆ. ದೋಣಿಯನ್ನು ಹಿಂದಿನಿಂದ ತಳ್ಳುತ್ತಾರೆ, ಹರಿಗೋಲನ್ನು ಮುಂದಿನಿಂದ ಎಳೆಯಬೇಕು. ಕಲಿಯುವವರು ತಪ್ಪುವುದು ಇಲ್ಲಿಯೇ.

ಇನ್ನೊಂದು ತಪ್ಪು ಎದುರುದಂಡೆಯ ಮೆಟ್ಟಿಲಿಗೆ ನೇರ ಗುರಿಯಿಡುವುದು. ಹರಿಗೋಲಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಎಂದಿಟ್ಟುಕೊಳ್ಳೋಣ, ಹರಿವಿನದೂ ಅಷ್ಟೇ. 200 ಮೀಟರ್ ಅಗಲ ದಾಟುವಷ್ಟರಲ್ಲಿ ಹೊಳೆ ಅದನ್ನು 200 ಮೀಟರ್ ಕೆಳಗೆ ಒಯ್ದಿರುತ್ತದೆ. ಆದ್ದರಿಂದ ಮೊದಲು ದಂಡೆಗುಂಟ, ಹರಿವು ಮೆತ್ತಗಿರುವಲ್ಲಿ, ಹೊಳೆಯ ಅಗಲದಷ್ಟು ಮೇಲಕ್ಕೆ ಹೋಗಿ ಅಲ್ಲಿಂದ ಬಿಡುತ್ತಾರೆ. ಇಳಿಯುವ ಜಾಗದ ಕೆಳಗೆ ಬಂಡೆ ಅಥವಾ ಜಾರು ಇದ್ದರೆ ಆ ಕಡವನ್ನೇ ಬಿಡಬೇಕು. ತಪ್ಪಿದವನಿಗೆ ಎರಡನೆಯ ಅವಕಾಶ ಸಿಗದು.

ದನಗಳನ್ನು ಈಜಿಸುವುದಕ್ಕೂ ಕಾರಣವಿದೆ. ನಿಂತ ಎತ್ತಿನ ಭಾರ ಎತ್ತರದಲ್ಲಿರುತ್ತದೆ, ಗೊರಸು ಒಂದು ದಬ್ಬೆಯ ಮೇಲೆ ಬಿದ್ದರೆ ತಳ ಮುರಿಯುತ್ತದೆ. ಮೂಗುದಾರವನ್ನು ಹರಿಗೋಲಿನಲ್ಲಿದ್ದವನು ಗಿಡ್ಡ ಹಿಡಿದು ಅದರ ಮೂಗು ನೀರಿನ ಮೇಲಿರುವಂತೆ ನೋಡಿಕೊಳ್ಳುತ್ತಾನೆ. ಹಗ್ಗವನ್ನು ಹರಿಗೋಲಿಗೆ ಕಟ್ಟುವುದಿಲ್ಲ. ಬೆದರಿದರೆ ಬಿಟ್ಟುಬಿಡಲು ಕೈಯಲ್ಲೇ ಇರಬೇಕು.

ದಂಡುಗಳೂ ಇದನ್ನೇ ನಂಬಿದ್ದವು. ದಂಗೆಯೆದ್ದ ಧೋಂಡಿಯಾ ವಾಘನ ಬೆನ್ನು ಹತ್ತಿದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ 1800ರ ಮಳೆಗಾಲದಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ್ದು ಬುಟ್ಟಿದೋಣಿಗಳಿಂದ. 1803ರ ಮರಾಠಾ ಯುದ್ಧದ ಹೊತ್ತಿಗೆ ಹೊಳೆ ತುಂಬುವ ಮೊದಲೇ ಬುಟ್ಟಿದೋಣಿ ಸಿದ್ಧಮಾಡಿಸಿದ. ಬಿದಿರು ಮತ್ತು ತೊಗಲು ಯಾವ ಊರಿನಲ್ಲೂ ಸಿಗುತ್ತವೆ, ಹೆಣೆಯುವ ಕೈಗಳೂ ಅಲ್ಲೇ ಇರುತ್ತವೆ.

ಐದನೆಯ ದಿನ: ರಾಯಚೂರು ದಾಟಿ ಕೃಷ್ಣೆಗೆ

ಪಟ್ಟಿಯಲ್ಲಿ ಉಳಿದದ್ದು ದೃತಿ. ಕಪಿಲೆ ಹೊಡೆದು ನೀರೆತ್ತಿದ ಹಳಬರಿಗೆ ತೊಗಲಿನ ಬಾನಿಯ ನೆನಪಿದೆ, ಕೋಣದ ಬೆನ್ನಿನ ಮೇಲೆ ನೀರು ತರುತ್ತಿದ್ದ ಪಖಾಲಿಯ ನೆನಪಿದೆ. ಒಳಗಿನ ನೀರನ್ನು ಹೊರಗೆ ಬಿಡದ ತೊಗಲು ಹೊರಗಿನ ನೀರನ್ನು ಒಳಗೂ ಬಿಡದು. ಪಖಾಲಿಗೆ ನೀರಿನ ಬದಲು ಉಸಿರು ತುಂಬಿದರೆ ಅದೇ ದೃತಿ. ಉತ್ತರದಲ್ಲಿ ಸಟ್ಲೆಜ್, ಬಿಯಾಸ್ ನದಿಗಳಲ್ಲಿ ಊದಿದ ಇಡೀ ಎತ್ತಿನ ತೊಗಲಿನ ಮೇಲೆ ಬೋರಲು ಬಿದ್ದು ಕಾಲಿನಿಂದ ನೀರು ಒದೆಯುತ್ತ ಜನರನ್ನು ದಾಟಿಸುತ್ತಿದ್ದ ಅಂಬಿಗರ ಫೋಟೋಗಳೇ ಇವೆ.

ಇದರ ತೀರ ಹಳೆಯ ಚಿತ್ರಗಳಲ್ಲಿ ಕೆಲವು ಇಂದಿನ ಇರಾಕಿನಲ್ಲಿದ್ದ ಅಸ್ಸೀರಿಯಾ ರಾಜ್ಯದವು. ಕ್ರಿ.ಪೂ. 883ರಿಂದ 859ರವರೆಗೆ ಆಳಿದ ಎರಡನೆಯ ಅಶುರ್‌ನಾಸಿರ್‌ಪಾಲ್ ನಿಮ್ರೂದ್ ಅರಮನೆಯ ಗೋಡೆಗೆ ಕೆತ್ತಿಸಿದ ಚಪ್ಪಡಿಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅವುಗಳಲ್ಲಿ ಸೈನಿಕರು ಎದೆಯಡಿ ತೊಗಲು ಇಟ್ಟುಕೊಂಡು ಈಜುತ್ತಿದ್ದಾರೆ, ಅದರ ಕಾಲಿನ ಕೊಳವೆ ಬಾಯಲ್ಲೇ ಇದೆ. ಕೆತ್ತಿದವನು ಕಣ್ಣಾರೆ ಕಂಡಿರಬೇಕು. ತೊಗಲು ಗಾಳಿ ಬಿಡುತ್ತಲೇ ಇರುತ್ತದೆ, ಈಜುತ್ತಲೇ ಊದಬೇಕು. ಅದೇ ನಾಡಿನ ಟೈಗ್ರಿಸ್ ನದಿಯಲ್ಲಿ ಕಲ್ಲು ಹೇರಿದ ದುಂಡು ಬುಟ್ಟಿದೋಣಿ ಅಲ್ಲಿನ ಇನ್ನೊಬ್ಬ ದೊರೆ ಸೆನ್ನಾಕೆರಿಬ್‌ನ ನಿನೆವೆ ಅರಮನೆಯ ಕೆತ್ತನೆಯಲ್ಲಿದೆ. ಆನೆಗೊಂದಿಯ ಅಂಬಿಗನಿಗೆ ತೋರಿಸಿದರೆ ತನ್ನದೇ ಎಂದಾನು.

ತೊಗಲು ಸಿದ್ಧಮಾಡುವುದು ಸುಲಿಯುವಾಗಿನಿಂದಲೇ ಶುರು. ಹೊಟ್ಟೆ ಸೀಳಬಾರದು. ಕುತ್ತಿಗೆಯ ಕಡೆಯಿಂದ ಅಂಗಿ ಕಳಚಿದಂತೆ ಇಡಿಯಾಗಿ ಎಳೆದು ತೆಗೆಯಬೇಕು. ಕೂದಲು ಕೆರೆದು, ತಂಗಡಿ ತೊಗಟೆಯ ಕಷಾಯದಲ್ಲಿ ನೆನೆಹಾಕಿ ಹದ ಮಾಡಿ, ಕುತ್ತಿಗೆ ಮತ್ತು ಮೂರು ಕಾಲು ಮಡಿಚಿ ಬಾರಿನಿಂದ ಬಿಗಿದು, ನಾಲ್ಕನೆಯ ಕಾಲನ್ನು ಊದಲು ಬಿಡುತ್ತಾರೆ. ಒಣಗಿದ ತೊಗಲು ಮಡಿಕೆಯಲ್ಲಿ ಬಿರಿಯುತ್ತದೆ, ಆದ್ದರಿಂದ ನೀರಿಗಿಳಿಯುವ ಮೊದಲು ನೆನೆಸಿಡಬೇಕು. ಆಡಿನ ತೊಗಲು ಊದಿದರೆ ಹೆಚ್ಚುಕಡಿಮೆ 30 ಲೀಟರ್. ಈಜುವವನ ತಲೆ ಎತ್ತಿ ಹಿಡಿಯಲು ಬೇಕಾದದ್ದರ ಐದಾರು ಪಟ್ಟು. ಕ್ರಿ.ಪೂ. 401ರಲ್ಲಿ ಗ್ರೀಕರ ದಂಡು ಟೈಗ್ರಿಸ್ ದಂಡೆಯಲ್ಲಿ ಸಿಕ್ಕಿಬಿದ್ದಾಗ ರೋಡ್ಸ್ ದ್ವೀಪದವನೊಬ್ಬ 2000 ತೊಗಲು ಕೊಡಿ, 4000 ಜನರನ್ನು ದಾಟಿಸುತ್ತೇನೆ ಎಂದಿದ್ದನ್ನು ಆ ದಂಡಿನಲ್ಲೇ ಇದ್ದ ಝೆನೊಫೋನ್ ಬರೆದಿದ್ದಾನೆ. ತೊಗಲಿಗಿಬ್ಬರು ಎಂಬ ಅವನ ಲೆಕ್ಕ ಸರಿಯಾಗಿಯೇ ಇತ್ತು. ಎದುರುದಂಡೆಯಲ್ಲಿ ಶತ್ರುವಿನ ಕುದುರೆ ದಂಡು ಕಾದಿದ್ದರಿಂದ ಅದು ನಡೆಯಲಿಲ್ಲ.

ಗಾಳಿಯ ಬದಲು ಒಣಹುಲ್ಲು ತುಂಬುವುದು ಇನ್ನೊಂದು ದಾರಿ. ಕ್ರಿ.ಪೂ. 329ರಲ್ಲಿ ಮಧ್ಯ ಏಷ್ಯಾದ ಆಕ್ಸಸ್ ನದಿಯ ದಂಡೆಯಲ್ಲಿ ಮರ ಸಿಗದೆ ಅಲೆಕ್ಸಾಂಡರ್ ಡೇರೆಯ ತೊಗಲುಗಳಿಗೆ ಒಣಹುಲ್ಲು ತುಂಬಿ ಬಿಗಿಯಾಗಿ ಹೊಲಿಸಿ, ಐದು ದಿನದಲ್ಲಿ ದಂಡನ್ನು ದಾಟಿಸಿದ. ಹುಲ್ಲು ತುಂಬಿದ ಚೀಲ ತೂತಾದರೂ ಒಮ್ಮೆಲೇ ಕುಸಿಯುವುದಿಲ್ಲ, ಹುಲ್ಲು ನೆನೆಯುವ ತನಕ ಸಮಯ ಕೊಡುತ್ತದೆ. ಆದರೆ ಒಮ್ಮೆ ನೆನೆದರೆ ಮತ್ತೆ ಬಳಸಲು ಹೊಲಿಗೆ ಬಿಚ್ಚಬೇಕು. ಊದುವ ತೊಗಲಿಗೆ ಉಸಿರೊಂದು ಸಾಕು.

ಮಧ್ಯಾಹ್ನ ಆತ್ಕೂರಿನ ದಂಡೆ. ಆಚೆ ನಡುಗಡ್ಡೆಯಲ್ಲಿ ದತ್ತಭಕ್ತರ ಕುರುವಪುರ. ಈ ಹೊಳೆಯ ನಡುಗಡ್ಡೆಗಳಿಗೆ, ಕುರ್ವಕಲಾ, ಕುರ್ವಕುರ್ದಾ ಕಡೆಯವರಿಗೆ ಹರಿಗೋಲು ನೋಡುವ ವಸ್ತುವಲ್ಲ. ರೇಷನ್, ಗೊಬ್ಬರ, ಶಾಲೆಯ ಮಕ್ಕಳು, ಹೆರಿಗೆಗೆ ಹೋಗುವ ಹೆಣ್ಣುಮಗಳು, ಎಲ್ಲಕ್ಕೂ ಅದೇ ದಾರಿಯಾಗಿತ್ತು. ಹೀಗಿರುವಾಗ ಅದನ್ನು ಗತಕಾಲದ ಚಂದವೆಂದು ಕೊಂಡಾಡಲು ಮನಸ್ಸು ಒಪ್ಪುವುದಿಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಬೆಳಿಗ್ಗೆ ದಾಟಿದ ಹೊಳೆ ಸಂಜೆಗೆ ಬೇರೆಯದಾಗಿರುತ್ತದೆ. ನೀರಿನ ಬಣ್ಣ ಕೆಂಪಾಗುವುದು, ಕಸಕಡ್ಡಿ ನಡುಹೊಳೆಯಲ್ಲಿ ಸಾಲಾಗಿ ಬರುವುದು, ದಂಡೆಯಲ್ಲಿ ನೆಟ್ಟ ಕಡ್ಡಿಯ ಗುರುತು ಮುಳುಗುವುದು ಇಲ್ಲಿನವರು ನೋಡುವ ಸೂಚನೆಗಳು. ಆಗ ಹರಿಗೋಲು ದಂಡೆಯ ಮೇಲೆಯೇ ಇರಬೇಕು.

ಅರ್ಥಶಾಸ್ತ್ರದ ನಾವಧ್ಯಕ್ಷನಿಗೂ, ಅಂದರೆ ದೋಣಿಗಳನ್ನು ನೋಡಿಕೊಳ್ಳುವ ಅಧಿಕಾರಿಗೂ, ಇಂಥದೊಂದು ಕಟ್ಟಳೆ ಇದೆ. ಆಳಿಲ್ಲದ, ಸಲಕರಣೆಯಿಲ್ಲದ ಅಥವಾ ರಿಪೇರಿ ಮಾಡಿಸದ ದೋಣಿ ಮುಳುಗಿದರೆ ಹೋದದ್ದಕ್ಕೆಲ್ಲ ಅಧಿಕಾರಿಯೇ ತೆರಬೇಕು.

ಬಿಸಿಲು ಇಳಿಯುವ ಹೊತ್ತಿಗೆ ದಂಡೆಯಲ್ಲಿ ಒಂದು ಪುಟ್ಟಿಯನ್ನು ಬೋರಲು ಹಾಕಿದ್ದರು. ತಳದಲ್ಲಿ ಅಂಗೈಯಗಲದ ಹರಕು. ಹರಕಿನ ಸುತ್ತ ಹಳೆಯ ಡಾಂಬರನ್ನು ಚೂರಿಯಿಂದ ಕೆರೆದು, ಒಣಬಟ್ಟೆಯಿಂದ ಒರೆಸಿ, ಹರಕಿಗಿಂತ ಎಲ್ಲ ಕಡೆ ನಾಲ್ಕು ಬೆರಳು ದೊಡ್ಡದಾದ ಚೀಲದ ತುಂಡನ್ನು ಬಿಸಿ ಡಾಂಬರಿನ ಮೇಲೆ ಒತ್ತಿ, ಅಂಚಿನಗುಂಟ ಇನ್ನೊಂದು ಕೈ ಬಳಿದರು. ಒದ್ದೆಯ ಮೇಲೆ ಬಳಿದ ಡಾಂಬರು ಸಿಪ್ಪೆಯಂತೆ ಏಳುತ್ತದೆ, ಅದಕ್ಕೇ ಒರೆಸುವುದಕ್ಕೆ ಬಳಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಇನ್ನು ರಾತ್ರಿಯೆಲ್ಲ ಆರಬೇಕು. ಬೆಳಿಗ್ಗೆ ಒಳಗೆ ಒಂದು ಕೊಡ ನೀರು ಸುರಿದು, ತೇಪೆಯ ಹೊರಗೆ ಹನಿ ಕಾಣದಿದ್ದರೆ ಹೊಳೆಗೆ ಇಳಿಸುತ್ತಾರೆ.